ಶಾಲೆಗೆ ಟ್ಯಾಬ್ ಬಂದರೆ ಮಕ್ಕಳು ಜಾಣರಾಗುತ್ತಾರೆಯೇ, ಹಾಳಾಗುತ್ತಾರೆಯೇ? ಎರಡು ಫಾರ್ವರ್ಡ್‌ಗಳ ನಡುವಿನ ನಿಜ

ನಿಮ್ಮ ಫೋನಿಗೂ ಈ ಎರಡು ಬಗೆಯ ಸಂದೇಶಗಳು ಬಂದಿರಬಹುದು. ಹಳ್ಳಿ ಶಾಲೆಯ ಮಕ್ಕಳ ಕೈಗೆ ಟ್ಯಾಬ್ ಕೊಟ್ಟರೆ ಸಾಕು, ಪೇಟೆಯ ದೊಡ್ಡ ಶಾಲೆಗಳ ಮಕ್ಕಳನ್ನು ಹಿಂದಿಕ್ಕುತ್ತಾರೆ ಎನ್ನುತ್ತದೆ ಒಂದು. ಸ್ವೀಡನ್ ಟ್ಯಾಬ್ ನಿಷೇಧಿಸಿದೆ, ಟ್ಯಾಬ್ ನೋಡಿದರೆ ಕಣ್ಣು ಹೋಗುತ್ತದೆ, ವಿಕಿರಣದಿಂದ ಮಿದುಳು ಹಾಳಾಗುತ್ತದೆ ಎನ್ನುತ್ತದೆ ಇನ್ನೊಂದು. ಒಬ್ಬರೇ ಎರಡನ್ನೂ ಒಂದೇ ಗುಂಪಿಗೆ ಕಳಿಸುವುದೂ ಉಂಟು.

ಇವನ್ನು ನಂಬಿದರೆ ನಷ್ಟವೇನು? ಒಂದು ಕಲ್ಪಿತ ಉದಾಹರಣೆ ನೋಡೋಣ. ಕುಮಟಾ ಮತ್ತು ಹೊನ್ನಾವರದ ನಡುವೆ ಹೆದ್ದಾರಿ 66ರಲ್ಲಿ ಸಿಗುವ ಧಾರೇಶ್ವರದಂಥ ಒಂದು ಕಡಲಬದಿಯ ಊರು. ಅಲ್ಲಿನ ಶಾಲೆಯಲ್ಲಿ ಕಲಿತು ಈಗ ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿ ದುಡಿಯುತ್ತಿರುವವರು ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸಿ ಶಾಲೆಗೆ 20 ಟ್ಯಾಬ್ ಕೊಡಿಸಲು ಹೊರಟಿದ್ದಾರೆ ಎಂದುಕೊಳ್ಳಿ. ಒಂದಕ್ಕೆ 10,000 ರೂಪಾಯಿ ಹಿಡಿದರೂ 2 ಲಕ್ಷವಾಯಿತು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಟ್ಟರೆ, ಅದೇ ಹಣದಲ್ಲಿ ಹೆಚ್ಚುವರಿ ಶಿಕ್ಷಕರೊಬ್ಬರನ್ನು ಒಂದಿಡೀ ಶೈಕ್ಷಣಿಕ ವರ್ಷ ಇಟ್ಟುಕೊಳ್ಳಬಹುದು. ಹಾಗಾಗಿ ಟ್ಯಾಬ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬರೀ ಹರಟೆಯ ವಿಷಯವಲ್ಲ. ಊರಿನ ಹಣ ಮತ್ತು ಮಕ್ಕಳ ಒಂದು ವರ್ಷ ಎರಡೂ ಅದರ ಮೇಲೆ ನಿಂತಿವೆ.

ಚಿಕ್ಕ ಉತ್ತರ ಇದು: ಟ್ಯಾಬ್ ತಾನಾಗಿ ಮಕ್ಕಳನ್ನು ಜಾಣರನ್ನಾಗಿಸುವುದಿಲ್ಲ, ತಾನಾಗಿ ಹಾಳು ಮಾಡುವುದೂ ಇಲ್ಲ. ಅದು ಶಿಕ್ಷಕರ ಪಾಠಕ್ಕೆ ಜೊತೆಯಾಗಿ ಬಂತೋ, ಪಾಠದ ಜಾಗಕ್ಕೇ ಬಂತೋ ಎನ್ನುವುದರ ಮೇಲೆ ಫಲ ನಿಂತಿದೆ. ಹೇಗೆಂದು ಒಂದೊಂದಾಗಿ ನೋಡೋಣ.

ಹೇಳಿಕೆ 1: ಟ್ಯಾಬ್ ಕೊಟ್ಟರೆ ಸಾಕು, ಕಲಿಕೆ ತಾನಾಗಿ ಹೆಚ್ಚುತ್ತದೆ

ತಪ್ಪು. ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ ದೇಶ ಪೆರು. 'ಮಗುವಿಗೊಂದು ಲ್ಯಾಪ್‌ಟಾಪ್' ಎಂಬ ಯೋಜನೆಯಲ್ಲಿ ಅಲ್ಲಿನ ಸರ್ಕಾರ ಹಳ್ಳಿ ಮಕ್ಕಳಿಗೆ ಲಕ್ಷಗಟ್ಟಲೆ ಪುಟ್ಟ ಕಂಪ್ಯೂಟರ್‌ಗಳನ್ನು ಹಂಚಿತು. 319 ಶಾಲೆಗಳನ್ನು ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಸುಮಾರು 15 ತಿಂಗಳ ಬಳಿಕ ನೋಡಿದರೆ, ಕಂಪ್ಯೂಟರ್ ಸಿಕ್ಕ ಶಾಲೆಗಳಿಗೂ ಸಿಗದ ಶಾಲೆಗಳಿಗೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲೆಗಳು 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಕೊಡಲು ಹೊರಟವು. ಯೋಜನೆಯ ಒಟ್ಟು ಅಂದಾಜು 130 ಕೋಟಿ ಡಾಲರ್. ಹಂಚಿಕೆ ಶುರುವಾದ ಸ್ವಲ್ಪ ದಿನಕ್ಕೇ ವಿದ್ಯಾರ್ಥಿಗಳು ಅದರ ಬೀಗ ಮುರಿದು ಬೇಕಾದ ತಾಣಗಳನ್ನು ತೆರೆದರು. 2014ರ ಡಿಸೆಂಬರ್‌ನಲ್ಲಿ ಯೋಜನೆಯೇ ನಿಂತಿತು.

ನಮ್ಮ ದೇಶದಲ್ಲಿ 'ಆಕಾಶ್' ಟ್ಯಾಬ್ ನೆನಪಿದೆಯೇ? 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾಯಿತು. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಸರ್ಕಾರ ಕೊಂಡ ಬೆಲೆ ಒಂದಕ್ಕೆ ಸುಮಾರು 2,250 ರೂಪಾಯಿ. ಆದರೆ ಅದರೊಳಗಿದ್ದುದು 366 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 256 ಎಂಬಿ ರ‍್ಯಾಮ್. ಪರದೆಯನ್ನು ಒತ್ತಿ ಒತ್ತಿ ಬಳಸಬೇಕಿತ್ತು. ಪಾಠದ ಉಪಕರಣವಾಗುವಷ್ಟು ಬಲ ಅದಕ್ಕೆ ಇರಲಿಲ್ಲ.

ಹೇಳಿಕೆ 2: ಹಾಗಾದರೆ ಟ್ಯಾಬ್‌ನಿಂದ ಪ್ರಯೋಜನವೇ ಇಲ್ಲ

ಇದೂ ತಪ್ಪು. ಇದಕ್ಕೆ ಬಲವಾದ ಸಾಕ್ಷಿ ಭಾರತದಲ್ಲೇ ಇದೆ.

ಗುಜರಾತಿನ ವಡೋದರದಲ್ಲಿ 4ನೇ ತರಗತಿಯ ಮಕ್ಕಳಿಗೆ ವಾರಕ್ಕೆ 2 ಗಂಟೆ ಕಂಪ್ಯೂಟರಿನಲ್ಲಿ ಗಣಿತದ ಆಟಗಳನ್ನು ಆಡಿಸಿದರು. ಇಬ್ಬರಿಗೆ ಒಂದು ಕಂಪ್ಯೂಟರ್. ಎರಡನೇ ವರ್ಷದ ಕೊನೆಗೆ ಗಣಿತದಲ್ಲಿ ಸಿಕ್ಕ ಲಾಭ ಎಷ್ಟಿತ್ತೆಂದರೆ, ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಇದ್ದ ಮಗು ಸುಮಾರು 18 ಸ್ಥಾನ ಮುಂದೆ ಬಂದಂತೆ. ಕಾರ್ಯಕ್ರಮ ನಿಂತು ಒಂದು ವರ್ಷ ಕಳೆದ ಮೇಲೆ ಆ ಲಾಭದ ಬಹುಪಾಲು ಕರಗಿತ್ತು ಎನ್ನುವುದನ್ನೂ ಹೇಳಬೇಕು. ಬಿಟ್ಟರೆ ಮರೆತುಹೋಗುವುದು ಯಾವ ಕಲಿಕೆಗೂ ಇದ್ದದ್ದೇ.

ದೆಹಲಿಯಲ್ಲಿ 619 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಿಗೆ ಉಚಿತವಾಗಿ ಸೇರುವ ಅವಕಾಶವನ್ನು ಚೀಟಿ ಎತ್ತಿ ಕೊಡಲಾಗಿತ್ತು. ಮಗು ಅಲ್ಲಿ 45 ನಿಮಿಷ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶದಲ್ಲಿ ಅಭ್ಯಾಸ ಮಾಡುತ್ತಿತ್ತು, ಇನ್ನು 45 ನಿಮಿಷ ಚಿಕ್ಕ ಗುಂಪಿನಲ್ಲಿ ಸಹಾಯಕರೊಬ್ಬರ ಬಳಿ ಕಲಿಯುತ್ತಿತ್ತು. ನಾಲ್ಕೂವರೆ ತಿಂಗಳಲ್ಲಿ ನಡುವಿನ ಮಗು ಗಣಿತದಲ್ಲಿ ಸುಮಾರು 14 ಸ್ಥಾನ ಮುಂದೆ ಬಂತು. ಹಿಂದಿಯಲ್ಲೂ ಪ್ರಗತಿ ಕಂಡಿತು.

ಇಲ್ಲಿ ಗುಟ್ಟು ಪರದೆಯಲ್ಲಿ ಇರಲಿಲ್ಲ. ಆ ಕೇಂದ್ರಕ್ಕೆ ಬಂದ 6ನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಭಾಗಾಕಾರವೇ ಬಾರದ ಮಗುವಿಗೆ ಬೀಜಗಣಿತ ಹೇಳಿದರೆ ಅದು ಹೇಗೆ ತಲೆಗೆ ಹತ್ತೀತು? ತಂತ್ರಾಂಶ ಮೊದಲು ಪರೀಕ್ಷಿಸಿ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಲೆಕ್ಕ ಕೊಡುತ್ತಿತ್ತು. ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಗೆ ಪ್ರತಿ ಮಗುವಿಗೂ ಬೇರೆ ಬೇರೆ ಲೆಕ್ಕ ಕೊಟ್ಟು, ಆಗಲೇ ತಿದ್ದಿ ಹೇಳುವುದು ಆಗದ ಮಾತು. ಯಂತ್ರಕ್ಕೆ ಆಗುತ್ತದೆ.

ಒಂದೇ ತಂತ್ರಾಂಶ, ಎರಡು ಫಲ

ಈಗ ನಾವು ಹೇಳಹೊರಟ ಮುಖ್ಯ ವಿಷಯಕ್ಕೆ ಬಂದೆವು. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ಗಣಿತದ ಒಂದೇ ತಂತ್ರಾಂಶವನ್ನು ಎರಡು ರೀತಿಯಲ್ಲಿ ಬಳಸಿ ನೋಡಿದರು. ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ 2008ರಲ್ಲಿ ಅದರ ಫಲಿತಾಂಶ ಬರೆದರು.

ಮೊದಲ ರೀತಿಯಲ್ಲಿ, ಪಾಠದ ಸಮಯದಲ್ಲೇ ಮಕ್ಕಳನ್ನು ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿದರು. ಅಂದರೆ ಶಿಕ್ಷಕಿಯ ಪಾಠ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಎರಡನೆಯ ರೀತಿಯಲ್ಲಿ, ಪಾಠವನ್ನು ಹಾಗೇ ಬಿಟ್ಟು, ಶಾಲೆಯ ಹೊತ್ತಿನ ಆಚೆ ಕಂಪ್ಯೂಟರ್ ಅಭ್ಯಾಸ ಮಾಡಿಸಿದರು.

ಪಾಠ ಕಳೆದುಕೊಂಡ ಮಕ್ಕಳಲ್ಲಿ ನಡುವಿನ ಮಗು ಸುಮಾರು 22 ಸ್ಥಾನ ಹಿಂದಕ್ಕೆ ಹೋಯಿತು. ಪಾಠದ ಜೊತೆಗೆ ಅಭ್ಯಾಸವೂ ಸಿಕ್ಕ ಮಕ್ಕಳಲ್ಲಿ ಸುಮಾರು 11 ಸ್ಥಾನ ಮುಂದೆ ಬಂತು. ಅದೇ ತಂತ್ರಾಂಶ, ಅದೇ ಸಂಸ್ಥೆ. ಮೊದಲೇ ಪಾಠ ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳವು. ಆ ಪಾಠವನ್ನು ಕಿತ್ತುಕೊಂಡು ಯಂತ್ರ ಕೊಟ್ಟದ್ದೇ ನಷ್ಟಕ್ಕೆ ಕಾರಣ.

ಇಲ್ಲಿ ಒಂದು ಪ್ರಶ್ನೆ ಏಳಬಹುದು: ಶಿಕ್ಷಕರೇ ಇಲ್ಲದ ಕಡೆ ಏನು ಮಾಡುವುದು? ಟಾಂಜಾನಿಯಾದ ಸುಮಾರು 170 ಹಳ್ಳಿಗಳಲ್ಲಿ, ಹೆಚ್ಚಿನವರು ಶಾಲೆಯ ಮುಖವನ್ನೇ ನೋಡದ ಮಕ್ಕಳಿಗೆ, ಸ್ವಾಹಿಲಿ ಭಾಷೆಯ ಪಾಠಗಳಿರುವ ಟ್ಯಾಬ್ ಕೊಟ್ಟರು. ಶುರುವಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಒಂದು ಪದವೂ ಓದಲು ಬರುತ್ತಿರಲಿಲ್ಲ. 15 ತಿಂಗಳಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯಿತು. 2019ರಲ್ಲಿ ಎರಡು ತಂಡಗಳು ಇದಕ್ಕೆ ಎಕ್ಸ್‌ಪ್ರೈಜ್ ಬಹುಮಾನ ಹಂಚಿಕೊಂಡವು. ಏನೂ ಇಲ್ಲದ ಕಡೆ ಟ್ಯಾಬ್ ಅಕ್ಷರ ಕಲಿಸಬಲ್ಲದು. ಆದರೆ ಉಳಿದ ಅರ್ಧದಷ್ಟು ಮಕ್ಕಳು 15 ತಿಂಗಳಾದರೂ ಒಂದು ಪದ ಓದಲಿಲ್ಲ ಎನ್ನುವುದೂ ಅದೇ ಫಲಿತಾಂಶ.

ಹೇಳಿಕೆ 3: ಸ್ವೀಡನ್ ಟ್ಯಾಬ್ ನಿಷೇಧಿಸಿದೆ

ಅರ್ಧ ಸತ್ಯ. ಸ್ವೀಡನ್ ಚಿಕ್ಕ ಮಕ್ಕಳ ಶಾಲೆಗಳಲ್ಲೂ ಡಿಜಿಟಲ್ ಉಪಕರಣ ಬಳಸಲೇಬೇಕು ಎಂದು ನಿಯಮ ಮಾಡಿತ್ತು. 2023ರಲ್ಲಿ ಅಲ್ಲಿನ ಸರ್ಕಾರ ಆ ಕಡ್ಡಾಯವನ್ನು ಕೈಬಿಡಲು ತೀರ್ಮಾನಿಸಿತು. ಮುದ್ರಿತ ಪಠ್ಯಪುಸ್ತಕ ಕೊಳ್ಳಲು ಅದೇ ವರ್ಷ 68.5 ಕೋಟಿ ಕ್ರೋನಾ ಮೀಸಲಿಟ್ಟಿತು. ಅದು ಕೈಬಿಟ್ಟದ್ದು ಕಡ್ಡಾಯವನ್ನು. ದೊಡ್ಡ ಮಕ್ಕಳ ತರಗತಿಗಳಿಂದ ಕಂಪ್ಯೂಟರ್ ಹೊರಗೆ ಹೋಗಲಿಲ್ಲ.

4ನೇ ತರಗತಿಯ ಮಕ್ಕಳ ಓದಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಸ್ವೀಡನ್‌ನ ಅಂಕ 2016ರಲ್ಲಿ 555 ಇದ್ದದ್ದು 2021ರಲ್ಲಿ 544ಕ್ಕೆ ಇಳಿದದ್ದು ನಿಜ. ಆದರೆ ನಡುವೆ ಕೊರೋನಾ ಬಂದುಹೋಗಿತ್ತು. ಇಳಿಕೆಗೆ ಪರದೆಯೊಂದೇ ಕಾರಣ ಎನ್ನಲು ಆ ಅಂಕಗಳಷ್ಟೇ ಸಾಲವು.

ಇನ್ನೊಂದು ಮಾತು. ಸ್ವೀಡನ್ ಪುಸ್ತಕದಿಂದ ಪರದೆಗೆ ಹೋಗಿ ಮತ್ತೆ ಪುಸ್ತಕಕ್ಕೆ ಮರಳುತ್ತಿರುವ ದೇಶ. ನಮ್ಮ ಬಹುಪಾಲು ಶಾಲೆಗಳು ಪುಸ್ತಕ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅವರ ಪಥ್ಯವನ್ನು ನಾವು ಹಾಗೇ ಮಾಡಬೇಕಾಗಿಲ್ಲ. ಅವರು ಎಡವಿದ್ದು ಎಲ್ಲಿ ಎಂದು ತಿಳಿದುಕೊಂಡರೆ ಸಾಕು.

ಹೇಳಿಕೆ 4: ಪುಸ್ತಕದಲ್ಲಿ ಓದಿದರೂ ಟ್ಯಾಬ್‌ನಲ್ಲಿ ಓದಿದರೂ ಒಂದೇ

ಪೂರ್ತಿ ಒಂದೇ ಅಲ್ಲ. 54 ಅಧ್ಯಯನಗಳನ್ನು, ಅಂದರೆ 1.7 ಲಕ್ಷಕ್ಕೂ ಹೆಚ್ಚು ಓದುಗರನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2018ರಲ್ಲಿ ಬಂತು. ಒಂದೇ ಬರಹವನ್ನು ಕಾಗದದಲ್ಲಿ ಓದಿದವರು ಸ್ವಲ್ಪ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ಕತೆಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ವಿಷಯ ತಿಳಿಸುವ ಪಾಠಗಳಲ್ಲಿ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಕಂಡಿತು. ಹಾಗಾಗಿ ಸಮಾಜ ವಿಜ್ಞಾನದ ಪಾಠವನ್ನು ಪುಸ್ತಕದಲ್ಲೇ ಓದಿಸಿ, ಹೃದಯ ಹೇಗೆ ಬಡಿಯುತ್ತದೆ, ಗ್ರಹಣ ಹೇಗೆ ಆಗುತ್ತದೆ ಎಂಬಂಥ ಚಲಿಸುವ ಸಂಗತಿಗಳನ್ನು ಪರದೆಯಲ್ಲಿ ತೋರಿಸುವುದು ಜಾಣತನ. ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ 'ದೀಕ್ಷಾ' ತಾಣದ ಪಾಠ ತೆರೆದುಕೊಳ್ಳುವ ವ್ಯವಸ್ಥೆ ಈ ಜೋಡಿಗೆ ಹೇಳಿ ಮಾಡಿಸಿದಂತಿದೆ.

ಹೇಳಿಕೆ 5: ಟ್ಯಾಬ್‌ನಿಂದ ಕಣ್ಣು ಹೋಗುತ್ತದೆ, ವಿಕಿರಣ ತಗಲುತ್ತದೆ

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಕಣ್ಣು ಒಣಗಿ ಉರಿಯುವುದು, ದಣಿಯುವುದು ಅದರಿಂದ. ಬಿಡುವು ಕೊಟ್ಟರೆ ಸರಿಹೋಗುತ್ತದೆ. 20 ನಿಮಿಷಕ್ಕೊಮ್ಮೆ, 20 ಸೆಕೆಂಡು, 20 ಅಡಿ ದೂರದ ವಸ್ತುವನ್ನು ನೋಡಿದರೆ ಒಳ್ಳೆಯದು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಸುರಿಯಬೇಡಿ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕೊಕ್ರೇನ್ ವರದಿಯ ಪ್ರಕಾರ, ಕಣ್ಣಿನ ದಣಿವು ಇಳಿಸುವುದರಲ್ಲಿ ಅದಕ್ಕೂ ಸಾಮಾನ್ಯ ಕನ್ನಡಕಕ್ಕೂ ವ್ಯತ್ಯಾಸ ಇದ್ದಂತಿಲ್ಲ.

ನಿಜವಾಗಿ ಗಮನಿಸಬೇಕಾದದ್ದು ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ. ಚೀನಾದ ಗುವಾಂಗ್ಝೌ ನಗರದಲ್ಲಿ 1ನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳ ಪೈಕಿ ಶೇ. 30.4ರಷ್ಟು ಮಂದಿಗೆ ಸಮೀಪದೃಷ್ಟಿ ಬಂತು. ಹಾಗೆ ಬಿಡದ ಶಾಲೆಗಳಲ್ಲಿ ಶೇ. 39.5. ಟ್ಯಾಬ್ ಅವಧಿಯನ್ನು ಆಟದ ಅವಧಿಯಿಂದ ಕಿತ್ತುಕೊಳ್ಳಬೇಡಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಕಡಲ ದಂಡೆಯಿರುವ ಊರಿನ ಮಕ್ಕಳಿಗಂತೂ ಬಯಲಿಗೆ ಬರವಿಲ್ಲ.

ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುವುದು ಭಾರತೀಯ ಮಕ್ಕಳ ವೈದ್ಯರ ಸಂಘ ಕೊಟ್ಟಿರುವ ಸಲಹೆ. ಅಂಗನವಾಡಿಗೆ ಟ್ಯಾಬ್ ಕೊಡಿಸಲು ಹೊರಟವರು ಇದನ್ನು ನೆನಪಿಡಬೇಕು.

ವಿಕಿರಣದ ಭಯಕ್ಕೆ ಬಂದರೆ, ವೈಫೈ ಮತ್ತು ಮೊಬೈಲ್ ತರಂಗಗಳಿಗೆ ಎಕ್ಸ್-ರೇಯಂತೆ ಜೀವಕೋಶದ ಡಿಎನ್ಎ ಮುರಿಯುವ ಶಕ್ತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿದ್ದನ್ನೇ ಫಾರ್ವರ್ಡ್‌ಗಳು ಎತ್ತಿ ಆಡುತ್ತವೆ. ಸಾಕ್ಷಿ ಸಾಲದು, ಆದರೆ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲೂ ಆಗದು ಎನ್ನುವ ಗುಂಪು ಅದು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಪಾಠಗಳನ್ನು ಮೊದಲೇ ಇಳಿಸಿಕೊಂಡು ನೆಟ್ ಆಫ್ ಮಾಡಿ ಬಳಸುವ ಟ್ಯಾಬ್‌ನಿಂದ ತರಂಗ ಹೊರಡುವುದು ಇನ್ನೂ ಕಡಿಮೆ.

ಕರ್ನಾಟಕ ಕಂಡದ್ದು

ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರಿನ ಕನಸಿಗೆ ಬೆಂಗಳೂರೂ ಒಂದು ತವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2001ರಲ್ಲೇ 'ಸಿಂಪ್ಯೂಟರ್' ಎಂಬ ಪುಟ್ಟ ಯಂತ್ರ ರೂಪಿಸಿದ್ದರು. 2004ರಲ್ಲಿ ಇಸ್ರೋ ಎಡುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದ ಮೂಲಕ ಪಾಠ ತಲುಪಿಸುವ ಪ್ರಯೋಗ ನಡೆಯಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರು ಮಾಡಿತು.

ಶಾಲೆ ಮುಚ್ಚಿ ಪರದೆ ಮಾತ್ರ ಉಳಿದರೆ ಏನಾಗುತ್ತದೆ ಎನ್ನುವುದನ್ನು ಕೊರೋನಾ ತೋರಿಸಿಕೊಟ್ಟಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಗೊತ್ತಿದ್ದ ಭಾಷೆಯ ಕನಿಷ್ಠ ಒಂದು ಕೌಶಲವನ್ನು ಶೇ. 92ರಷ್ಟು ಮಕ್ಕಳು ಮರೆತಿದ್ದರು. ಗಣಿತದಲ್ಲಿ ಶೇ. 82. ಉತ್ತರ ಕನ್ನಡದ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ದಿನಗಳು ಯಾರಿಗೂ ಮರೆತಿಲ್ಲ.

ಕರಾವಳಿಯ ಶಾಲೆಗೆ ಟ್ಯಾಬ್ ಬಂದಾಗ

ಈಗ ಮತ್ತೆ ನಮ್ಮ ಕಲ್ಪಿತ 20 ಟ್ಯಾಬ್‌ಗಳಿಗೆ ಬರೋಣ. ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬಂದೀತೆಂದು ಹೇಳಲಾಗದು. ಉಪ್ಪು ಗಾಳಿ, ಥಂಡಿ ಎರಡೂ ಚಾರ್ಜಿಂಗ್ ಪಿನ್ನಿಗೆ ಶತ್ರು.

ಕರೆಂಟ್ ಬಹಳ ಬೇಕೆಂದೇನಿಲ್ಲ. 5,000 ಎಂಎಎಚ್ ಬ್ಯಾಟರಿಯ 20 ಟ್ಯಾಬ್ ಪೂರ್ತಿ ಚಾರ್ಜ್ ಆಗಲು ಸುಮಾರು ಅರ್ಧ ಯೂನಿಟ್ ಸಾಕು. ಕಷ್ಟ ಇರುವುದು 20 ಪ್ಲಗ್ ಹಾಕಿ ತೆಗೆಯುವ ಕೈ ಯಾರದು ಎನ್ನುವುದರಲ್ಲಿ. ಬೇಸಿಗೆ ರಜೆಯ ಬಗ್ಗೆ ಇನ್ನೂ ಎಚ್ಚರ ಬೇಕು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಎರಡು ತಿಂಗಳು ಬೀರುವಿನಲ್ಲಿಟ್ಟರೆ ಅದು ಮತ್ತೆ ಏಳದೇ ಹೋಗಬಹುದು. ಸುಮಾರು ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಬೆನ್ನು ಉಬ್ಬಿದ ಟ್ಯಾಬನ್ನು ಚಾರ್ಜ್‌ಗೆ ಹಾಕಲೇಬೇಡಿ.

ಸಮಯದ ಲೆಕ್ಕವೂ ಇದೆ. 40 ನಿಮಿಷದ ಪಿರಿಯಡ್‌ನಲ್ಲಿ ಹಂಚಲು, ತೆರೆಯಲು, ಮತ್ತೆ ಎಣಿಸಿ ಒಳಗಿಡಲು 15 ನಿಮಿಷ ಹೋದರೆ ಕಲಿಕೆಗೆ ಉಳಿಯುವುದು 25. ಪಾಠದ ಸಮಯ ಕಳೆಯುವುದು ಹೀಗೆಯೇ, ಯಾರ ಗಮನಕ್ಕೂ ಬಾರದೆ.

ಭಾಷೆಯ ಮಾತೂ ಇದೆ. ಈ ಭಾಗದ ಮಗು ಮನೆಯಲ್ಲಿ ಕೊಂಕಣಿ, ನವಾಯತಿ, ಹವ್ಯಕ ಅಥವಾ ಹಾಲಕ್ಕಿ ಕನ್ನಡ ಆಡುತ್ತಿರಬಹುದು. ಟ್ಯಾಬ್ ಆಡುವುದು ಪುಸ್ತಕದ ಕನ್ನಡ. ಮಗುವಿಗೆ ಯಾವ ಪದ ಹತ್ತಲಿಲ್ಲ ಎಂದು ಮುಖ ನೋಡಿಯೇ ಅರಿತು, ಮನೆಮಾತಿನಲ್ಲಿ ಹೇಳಿಕೊಡುವವರು ಅಕ್ಕೋರು, ಮಾಸ್ತರೇ.

ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಶಾಲೆಗೆ ಟ್ಯಾಬ್ ಕೊಡಿಸಬೇಕೆಂದಿದ್ದರೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯವರ ಜೊತೆ ಕೂತು ಇಷ್ಟನ್ನು ಕೇಳಿ:

1. ಇದು ಯಾವ ಹೊತ್ತಿನಲ್ಲಿ ಬಳಕೆಯಾಗುತ್ತದೆ? ಪಾಠ ಅಥವಾ ಆಟದ ಅವಧಿ ಕಡಿಮೆಯಾಗುತ್ತದೆಯೇ?
2. ಇದರಲ್ಲಿ ಏನಿರುತ್ತದೆ? ಬರೀ ವಿಡಿಯೋವೋ, ಮಗುವಿನ ಮಟ್ಟ ನೋಡಿ ಅಭ್ಯಾಸ ಕೊಡುವ ಕನ್ನಡದ ತಂತ್ರಾಂಶವೋ?
3. ನೆಟ್ ಇಲ್ಲದಿದ್ದರೂ ನಡೆಯುತ್ತದೆಯೇ?
4. ಚಾರ್ಜ್ ಮಾಡುವವರು ಯಾರು? ಕೆಟ್ಟರೆ ರಿಪೇರಿ ಹಣ ಎಲ್ಲಿಂದ?
5. ಶಿಕ್ಷಕರಿಗೆ ಇದು ಬೇಕೇ? ಅವರಿಗೆ ತರಬೇತಿ ಕೊಡುವವರು ಯಾರು?
6. 20ರ ಬದಲು 10 ಸಾಕೇ? ವಡೋದರದಲ್ಲಿ ಇಬ್ಬರಿಗೆ ಒಂದು ಸಾಕಾಗಿತ್ತು. ಉಳಿದ ಹಣ ರಿಪೇರಿಗೆ, ಸಂಜೆ ಹೊತ್ತು ಮಕ್ಕಳ ಜೊತೆ ಕೂರುವ ಸಹಾಯಕರಿಗೆ ಆಗುತ್ತದೆ.

ಇವಕ್ಕೆ ಉತ್ತರ ಸಿಕ್ಕರೆ ಧೈರ್ಯವಾಗಿ ಕೊಡಿಸಿ. ಸಿಗದಿದ್ದರೆ, ಗ್ರಂಥಾಲಯದ ಪುಸ್ತಕಕ್ಕೋ ಹೆಚ್ಚುವರಿ ಶಿಕ್ಷಕರಿಗೋ ಹಣ ಕೊಡಿ. ಅದು ಹಿಂದುಳಿದ ಯೋಚನೆಯೇನಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. 'ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್, ಉಚಿತ ಟ್ಯಾಬ್, ಈ ಲಿಂಕ್ ಒತ್ತಿ ಹೆಸರು ನೋಂದಾಯಿಸಿ' ಎಂಬ ಸಂದೇಶ ಬಂದರೆ ಲಿಂಕ್ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. ಇಂಥ ಉಚಿತ ಲ್ಯಾಪ್‌ಟಾಪ್ ಸಂದೇಶಗಳು ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಹೇಳಿದೆ. ನಿಜವಾದ ಯೋಜನೆಯಾಗಿದ್ದರೆ ನಿಮ್ಮ ಶಾಲೆ ಅಥವಾ ಕಾಲೇಜಿನ ಕಚೇರಿಗೆ ಅದರ ಮಾಹಿತಿ ಬಂದಿರುತ್ತದೆ. ಅಲ್ಲಿ ಕೇಳಿ.

ಗುಂಪಿನಲ್ಲಿ ಮುಂದಿನ ಸಲ ಟ್ಯಾಬ್ ಹೊಗಳುವ ಅಥವಾ ತೆಗಳುವ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ ನೋಡಿ: ಇದು ಪಾಠದ ಜೊತೆಗೋ, ಪಾಠದ ಬದಲಿಗೋ?